ಮಹಾಗನಿಯ ನೆರಳು

ಅರಸರು ಹಡಗಿನಲ್ಲಿ ಸಸಿ ತರಿಸಿ ಬೆಳೆಸಿದ ಗಿಡಮರಗಳ ತೋಟ ಈಗ ಊರಿನ ಪಾರ್ಕು. ಅಲ್ಲಿನ ಮುದಿ ಮಹಾಗನಿ ಮರದ ನೆರಳು ತನಗೆ ಹಿಡಿಸಿದವರ ಕಡೆಗೆ ಸರಿಯುತ್ತದೆ. ಹಾಗಾಗಿ ಊರಿನವರು ಜಾತಕ ನೋಡುವುದನ್ನು ಬಿಟ್ಟು ಹುಡುಗ ಹುಡುಗಿಯನ್ನು ಇಲ್ಲಿಗೆ ಕರೆತರುತ್ತಾರೆ. ಇಬ್ಬರ ಮೇಲೂ ನೆರಳು ಬಿದ್ದರೆ ಅಲ್ಲೇ ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ.

ಆ ಭಾನುವಾರ ನೆರಳು ಮೆಲ್ಲಗೆ ಬಂದು ರೋಹಿಣಿಯನ್ನು ಮಾತ್ರ ಮುಚ್ಚಿತು. ಪಕ್ಕದಲ್ಲಿದ್ದ ಹುಡುಗ ನಂಜೇಶ ಒಂದು ಹೆಜ್ಜೆ ಒಳಗಿಟ್ಟರೆ ನೆರಳಿನ ಅಂಚೂ ಅಷ್ಟೇ ಒಳಗೆ ಸರಿಯಿತು.

“ಮುಗೀತು ಬಿಡಿ,” ಎಂದು ನೆರಳಲ್ಲಿ ಕೂತಿದ್ದ ರೋಹಿಣಿಯ ಸೋದರತ್ತೆ ಸಾಕಮ್ಮ ತಾಂಬೂಲದ ತಟ್ಟೆಗೆ ಬಟ್ಟೆ ಮುಚ್ಚಿದರು. “ನಡಿಯೇ ಮನೆಗೆ.”

ರೋಹಿಣಿ ಕದಲಲಿಲ್ಲ. ಬೆವರುತ್ತಿದ್ದ ನಂಜೇಶನನ್ನು ಕೇಳಿದಳು: “ಮರಕ್ಕೆ ಏನ್ರೀ ಮಾಡಿದ್ರಿ?”

“ಏನೂ ಇಲ್ಲ ಕಣ್ರೀ. ನಾಯಿಗಳೂ ಮೊದ್ಲು ನನ್ನ ನೋಡಿ ಬೊಗಳ್ತವೆ. ಆಮೇಲೆ ಹಿಂದೇನೇ ಬರ್ತವೆ.”

ರೋಹಿಣಿಗೆ ನಗು ಬಂತು. ಚೀಲದಿಂದ ಕೊಡೆ ತೆಗೆದು ಬಿಚ್ಚಿ, ಬಿಸಿಲಿಗೆ ಬಂದು ಅವನ ಪಕ್ಕ ನಿಂತಳು.

“ಕೊಡೆ ನೆರಳು ಲೆಕ್ಕಕ್ಕಿಲ್ಲ ಕಣೇ!”

“ಅತ್ತೆ, ಮದುವೆಯಾದ್ಮೇಲೆ ಮರದ ಕೆಳಗೇ ಸಂಸಾರ ಮಾಡಕ್ಕಾಗುತ್ತಾ?”

ಮಹಾಗನಿಯ ನೆರಳು ಹುಲ್ಲಿನ ಮೇಲೆ ತೆವಳುತ್ತಾ ಬಂದು, ಒಳಗೇನಿದೆ ಎಂದು ಇಣುಕುವಂತೆ, ಕೊಡೆಯ ಕೆಳಗಿದ್ದ ನಂಜೇಶನ ಚಪ್ಪಲಿಯನ್ನು ಮುಟ್ಟಿತು.

ಈಗ ಸಾಕಮ್ಮನ ತಲೆಯ ಮೇಲೆ ಸುಡುಬಿಸಿಲು. “ಸರ್ಕೊಳ್ರಪ್ಪ ಒಂಚೂರು,” ಎನ್ನುತ್ತ ಅವರು ತಟ್ಟೆಯ ಸಮೇತ ಎದ್ದು ಬಂದರು.