ತಿರುವಿನ ಹೊರ ಅಂಚು

ಲಾರಿ ಕಿವಿ ಒಡೆಯುವ ಹಾಗೆ ಹಾರ್ನ್ ಹೊಡೆಯಿತು. ರಸ್ತೆಯ ನಡುವೆ ನಿಂತಿದ್ದ ಶಾಲನ ಕದಲಲಿಲ್ಲ. ಒಂದು ಕೈಯಲ್ಲಿ ಅಳತೆಯ ಕೋಲು ಹಿಡಿದು, ಇನ್ನೊಂದು ಕೈ ಎತ್ತಿ ಲಾರಿಯನ್ನು ತಡೆದಳು. ಚಾಲಕ ಮರಾಠಿಯಲ್ಲಿ ಬೈಯುತ್ತ ಅವಳನ್ನು ಸುತ್ತಿ ಹೋದ.

ಗಡಹಿಂಗ್ಲಜದಿಂದ ಹಲಕರ್ಣಿ ಕಡೆಗೆ ಹೋಗುವ ದಾರಿಯ ತಿರುವು ಅದು. ಬದಿಯಲ್ಲಿ ಡಾಂಬರಿನ ಪೀಪಾಯಿಗಳು ಬಂದಿಳಿದಿದ್ದವು, ರೋಲರ್ ಬಂದು ನಿಂತಿತ್ತು. ಸೋಮವಾರ ಹೊಸ ಡಾಂಬರು ಬೀಳುತ್ತದೆ. ಹಳೆಯ ರಸ್ತೆ ಅದರಡಿ ಮುಚ್ಚಿಹೋದರೆ ಅವಳ ಇಷ್ಟು ದಿನದ ಓದೂ ಮುಚ್ಚಿಹೋದಂತೆಯೇ.

ಶಾಲನ ನಲವತ್ತೇಳರ ಹೆಂಗಸು. ಇಚಲಕರಂಜಿಯ ಒಂದು ಖಾಸಗಿ ಕಚೇರಿಯಲ್ಲಿ ಗಟಾರಗಳ ನಕ್ಷೆ ತೆಗೆಯುವ ಇಂಜಿನಿಯರ್. ವಾರವೆಲ್ಲ ಕೆಲಸ, ಶನಿವಾರ, ಭಾನುವಾರ ಕೊಲ್ಹಾಪುರದ ಕಾಲೇಜಿನಲ್ಲಿ ರಸ್ತೆ ವಿನ್ಯಾಸದ ಎಂ.ಟೆಕ್. ಹಳೆಯ ಪದವಿ ಪತ್ರದಲ್ಲಿದ್ದ ತವರಿನ ಹೆಸರಿನಲ್ಲೇ ಸೇರಿಕೊಂಡಿದ್ದಳು. ಜೊತೆಗೆ ಓದುವವರೆಲ್ಲ ಎಳೆಯರು. ಮೊದಲ ಭೇಟಿಯಲ್ಲೇ ಅವಳ ಮಾರ್ಗದರ್ಶಕ ಸುಕುಮಾರ ಕೇಳಿದ್ದ:

"ಈ ವಯಸ್ಸಿನ್ಯಾಗ ಇದೆಲ್ಲ ಯಾಕ್ರಿ ಅಕ್ಕಾರ?"

"ಹಲಕರ್ಣಿ ದಾರ್ಯಾಗ ಒಂದು ತಿರುವು ಐತ್ರಿ ಸರ. ಅದು ನನ್ನ ಮಗನ್ನ ನುಂಗೇತಿ."

ಅವನು ಮುಂದೆ ಕೇಳಲಿಲ್ಲ. ಅಂದಿನಿಂದ ತರಗತಿಯಲ್ಲಿ ಯಾರೂ ಅವಳ ಮುಂದೆ ಮಕ್ಕಳ ಮಾತೆತ್ತಲಿಲ್ಲ.

ಮನೆಯ ಓಣಿಯಲ್ಲೂ ಅಷ್ಟೆ. ಅವಳನ್ನು ಕಂಡರೆ ಹೆಂಗಸರು ದನಿ ತಗ್ಗಿಸುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಅವಳು ಅಡುಗೆ ಮುಗಿಸಿ, ಎಲ್ಲಕ್ಕಿಂತ ಮುಂಚೆ ಮಗನ ತಟ್ಟೆಗೆ ಬಡಿಸಿ, ಅವನ ಕೋಣೆಯಲ್ಲಿ ಇಟ್ಟು ಬರುತ್ತಿದ್ದಳು. ಎಷ್ಟೋ ಬೆಳಿಗ್ಗೆ ಅನ್ನ ಹಾಗೆಯೇ ಒಣಗಿರುತ್ತಿತ್ತು. ಆ ಕೋಣೆಯ ಫ್ಯಾನನ್ನು ಎಂದೋ ಬಿಚ್ಚಿಸಿಬಿಟ್ಟಿದ್ದಳು.

"ಸಾಕು ಮಾಡು, ಶಾಲನಾ," ಎನ್ನುತ್ತಿದ್ದ ಗಂಡ ಪಾರೀಸ. "ಹ್ವಾದ ಜೀವ ತಿರುಗಿ ಬರೂದಿಲ್ಲ."

"ಗೊತ್ತೈತ್ರಿ. ತಪ್ಪು ಯಾರದಂತಾದ್ರೂ ಗೊತ್ತಾಗಲಿ."

ತಿರುವಿನಲ್ಲಿ ರಸ್ತೆಯ ಹೊರ ಅಂಚು ಒಳ ಅಂಚಿಗಿಂತ ಎತ್ತರವಿರಬೇಕು. ಇಲ್ಲವಾದರೆ ರಸ್ತೆಯೇ ಗಾಡಿಯನ್ನು ಹೊರಕ್ಕೆ ನೂಕುತ್ತದೆ. ಇಲ್ಲಿ ಹೊರ ಅಂಚು ತಗ್ಗಿತ್ತು. ಶಾಲನ ಮತ್ತೆ ಮತ್ತೆ ಅಳೆದಳು. ತಗ್ಗೇ. ಅಲ್ಲೇ ರೋಲರಿನ ನೆರಳಲ್ಲಿ ಕುಳಿತು ಅಂಕಿಗಳನ್ನು ಬರೆದುಕೊಂಡಳು. ಅಳು ಬರಲಿಲ್ಲ. ಅಳುವುದಕ್ಕೆ ಪುರುಸೊತ್ತೂ ಇರಲಿಲ್ಲ. ಅಲ್ಲಿಂದಲೇ ಕೊಲ್ಹಾಪುರದ ಬಸ್ಸು ಹಿಡಿದಳು.

ಸುಕುಮಾರ ಬಾಗಿಲು ತೆರೆದಾಗ ಅವಳ ಸೀರೆಯ ತುಂಬ ಧೂಳು.

"ಸೋಮವಾರ ಡಾಂಬರ ಬೀಳ್ತೈತ್ರಿ ಸರ. ಅದರೊಳಗ ನೀವ ಬಂದು ಅಳೀರಿ. ನನ್ನ ಮಾತು ಕೋರ್ಟಿನ್ಯಾಗ ಯಾರೂ ನಂಬೂದಿಲ್ಲ."

"ಆ ಆಕ್ಸಿಡೆಂಟಿನ ಕೇಸ್ ಇನ್ನೂ ನಡದೈತಿ ಅಕ್ಕಾರ. ರಸ್ತೆ ಮಾಡಿದಾವ್ರು ದೊಡ್ಡ ಮಂದಿ. ನನ್ನ ಯಾಕ ಇದ್ರಾಗ ಎಳೀತೀರಿ?" ಅವನು ಅವಳನ್ನು ಒಳಗೆ ಕರೆದು ಕೂರಿಸಿದ. "ಇನ್ನೊಂದು ವಿಚಾರ ಮಾಡೀರೇನು? ರಸ್ತೇದ ತಪ್ಪು ಅಂತಾದ್ರ, ಗಾಡಿ ಹೊಡದಾಂವ ಬಿಡುಗಡೆ ಆಕ್ಕಾನ."

"ಆಗ್ಲಿರಿ."

"ಅಂವನ ಮ್ಯಾಲ ನಿಮಗ ಸಿಟ್ಟಿಲ್ಲ?"

"ಭಾಳ ಐತ್ರಿ. ಆದ್ರ ಅಂವನೂ ಒಬ್ಬ ತಾಯಿ ಮಗಾರಿ."

ಹಾಗೆಂದವಳೇ ಅವನ ಕಾಲಿಗೆ ಬಾಗಿದಳು. ಅವನು ಗಾಬರಿಯಾಗಿ ಹಿಂದೆ ಸರಿದ. ತನಗಿಂತ ಹಿರಿಯಳಾದ ಹೆಂಗಸು ನೆಲದ ಮೇಲೆ ಹಣೆ ಇಟ್ಟುಕೊಂಡು ಏಳುತ್ತಲೇ ಇಲ್ಲ. ಸುಕುಮಾರನ ಕಣ್ಣು ತುಂಬಿ ಬಂತು. ಇಂಥ ತಾಯಿಯನ್ನು ಅವನು ಕಂಡಿರಲಿಲ್ಲ.

ಭಾನುವಾರ ಅವನು ತನ್ನದೇ ಅಳತೆಯ ಯಂತ್ರ ತಂದ. "ನೀವು ದೂರ ನಿಂದರ್ರಿ. ಒಂದು ಅಂಕಿನೂ ಹೇಳಬ್ಯಾಡ್ರಿ," ಎಂದ. ಶಾಲನ ಕಬ್ಬಿನ ಹೊಲದ ಬದುವಿನಲ್ಲಿ ನಿಂತು, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೋಡಿದಳು. ಅವನು ಅಳೆದ, ತಲೆ ಕೊಡವಿದ, ಮತ್ತೆ ಅಳೆದ. ಕೊನೆಗೆ ಅವಳ ಬಳಿ ಬಂದು ಮೆಲ್ಲಗೆ ಹೇಳಿದ:

"ಖರೇ ಐತ್ರಿ ಅಕ್ಕಾರ. ಕೋರ್ಟಿಗೆ ನಾ ಬರ್ತೇನಿ."

ಗಡಹಿಂಗ್ಲಜದ ಕೋರ್ಟಿನಲ್ಲಿ ಸುಕುಮಾರ ಎಳ್ಳಷ್ಟೂ ತಡವರಿಸಲಿಲ್ಲ. ಸರಕಾರಿ ವಕೀಲ ಎತ್ತೆತ್ತ ತಿರುಗಿಸಿ ಕೇಳಿದರೂ ಉತ್ತರ ಒಂದೇ: ನಿಗದಿತ ವೇಗದಲ್ಲಿ ಬಂದ ಗಾಡಿಯೂ ಮಳೆಯಲ್ಲಿ ಆ ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ. ಕೊನೆಯ ಬೆಂಚಿನಲ್ಲಿ ಶಾಲನ ಬೆರಳು ಹಿಸುಕಿಕೊಳ್ಳುತ್ತ ಕುಳಿತಿದ್ದಳು. ಜಾಮೀನಿನ ಮೇಲಿದ್ದು ಕಟಕಟೆಯಲ್ಲಿ ನಿಂತ ಆರೋಪಿಯ ಕಡೆ ಒಮ್ಮೆಯೂ ಕಣ್ಣೆತ್ತಲಿಲ್ಲ. ಎತ್ತಿದರೆ ತನ್ನ ಬಾಯಿ ತನ್ನ ಹಿಡಿತದಲ್ಲಿ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಊಟದ ಬಿಡುವಾಯಿತು. ಹೊರಗಿನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಒಬ್ಬ ಮುದುಕಿ ನೆಲದ ಮೇಲೆ ಕುಳಿತಿದ್ದಳು. ಕೇಸಿನ ಪ್ರತಿ ತಾರೀಖಿಗೂ ಹಲಕರ್ಣಿಯಿಂದ ತಪ್ಪದೆ ಬರುವ ಹಾಲವ್ವ. ಅವಳನ್ನು ಕಂಡದ್ದೇ ಶಾಲನ ಮುಖ ತಿರುಗಿಸಿದಳು.

"ಹೋಗೂಣ್ರಿ ಸರ," ಎಂದಳು.

ಸುಕುಮಾರ ಮುದುಕಿಯ ಒದ್ದೆ ಕಣ್ಣನ್ನು ನೋಡಿಬಿಟ್ಟಿದ್ದ. ಆರೋಪಿಯ ತಾಯಿ ಇರಬೇಕು. ಅವನು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತ.

"ಸರ, ಬ್ಯಾಡ್ರಿ..."

"ಅಳಬ್ಯಾಡ್ರಿ ಆಯಿ," ಎಂದ ಅವನು ಮುದುಕಿಗೆ. "ನಿಮ್ಮ ಮಗ ಉಳೀತಾನ. ಈ ಅಕ್ಕಾರ ತಮ್ಮ ಮಗನ್ನ ಕಳಕೊಂಡಾರ. ಆದ್ರೂ ನಿಮ್ಮ ಮಗನ್ನ ಉಳಸಾಕ ಇಷ್ಟು ದಿನ ಓದ್ಯಾರ ನೋಡ್ರಿ."

ಹಾಲವ್ವ ತಲೆ ಎತ್ತಿದಳು. ಅವನನ್ನು ನೋಡಿದಳು, ಅವನ ಬೆನ್ನ ಹಿಂದೆ ನಿಂತಿದ್ದ ಶಾಲನಳನ್ನು ನೋಡಿದಳು.

"ಆ ತಿರುವಿನ್ಯಾಗ ಸತ್ತಾಂವ ನನ್ನ ಮಗಾರಿ, ಸಾಹೇಬ್ರ. ಒಳಗ ಕಟಕಟ್ಯಾಗ ನಿಂತಾನಲ್ಲ, ಅಂವ ಈಕಿ ಮಗ."