ರೋಗಿಯ ಪೂರ್ಣ ಹೆಸರು ಹೇಳಿ

"ಅಕ್ಕಾರೇ, ಗುಡ್ಡಮ್ಮಾರು ಗಂಡನ ಹೆಸರು ಹೇಳಿಬಿಟ್ರು ಕಣ್ರೀ!"

ನವೀನ್ ಹೆಲ್ಮೆಟ್ ಕೂಡ ತೆಗೆಯದೆ ಅಂಗಡಿಯೊಳಗೆ ನುಗ್ಗಿದ್ದ. ಮಮತಾ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

"ಹಿಂದೊಂದ್ಸಲನೂ ಹಿಂಗೇ ಕುಣ್ಕಂತ ಬಂದಿದ್ದಿ."

"ಈ ಸಲ ಪೂರ್ತಿ ಹೆಸರು ರೀ. ಗಟ್ಟಿಯಾಗಿ."

ಈಗ ಮಮತಾ ತಲೆ ಎತ್ತಿದಳು. ಗಡಿಯಾರದಲ್ಲಿ ನಾಲ್ಕು ಹತ್ತು. ಐದಕ್ಕೆ ಗಡುವು ಮುಗಿಯುತ್ತಿತ್ತು.

ಶಿಕಾರಿಪುರದ ಮಮತಾಳ ಆ ಅಂಗಡಿಯಿಂದ ಸುತ್ತಲಿನ ಊರುಗಳ ಮನೆಗಳಿಗೆ ಆಕ್ಸಿಜನ್ ಮಿಷನ್, ಮಡಚುವ ಮಂಚ, ಗಾಲಿಕುರ್ಚಿ ಬಾಡಿಗೆಗೆ ಹೋಗುತ್ತವೆ. ಬಾಡಿಗೆ ಕೊಡುವುದು ವಿಮೆ ಕಂಪನಿ. ಕೊಡುವ ಮುಂಚೆ ಸತಾಯಿಸುವುದೂ ಅದೇ. ವಾರಕ್ಕೊಂದು ಸುತ್ತೋಲೆ ಬರುತ್ತದೆ. ಅದು ಅರ್ಥವಾಗುವಷ್ಟರಲ್ಲಿ ತಿದ್ದುಪಡಿ ಬರುತ್ತದೆ. ಮಮತಾಳಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬರೀ ಆಕಳಿಕೆ.

ಹೊಸ ನಿಯಮ ಇಷ್ಟೇ. ಪ್ರತಿ ತಿಂಗಳು ರೋಗಿಯನ್ನು ನೋಡಿಕೊಳ್ಳುವವರು ವಿಡಿಯೊದಲ್ಲಿ ರೋಗಿಯ ಪೂರ್ಣ ಹೆಸರು ಬಾಯಿಬಿಟ್ಟು ಹೇಳಬೇಕು. ತಾವು ಅವರಿಗೆ ಏನಾಗಬೇಕು ಎಂದು ಹೇಳಬೇಕು. ಮಿಷನ್ ಮೇಲಿನ ನಂಬರ್ ತೋರಿಸಬೇಕು. ಮೂರು ಸಲ ತಪ್ಪಿದರೆ ಕೊನೆಯದಾಗಿ ಒಂದು ಅವಕಾಶ. ಅದೂ ತಪ್ಪಿದರೆ ಫೈಲ್ ಮುಚ್ಚಿ ಮಿಷನ್ ವಾಪಸ್.

ಹೊಸಬಾಳೆಯ ಸಣ್ಣಬೀರಪ್ಪನಿಗೆ ಆ ಮಿಷನ್ ಇಲ್ಲದೆ ಅರ್ಧ ತಾಸು ಕಳೆಯುವುದೂ ಕಷ್ಟ. ಕುರಿ ಹಿಂದೆ ಗುಡ್ಡ ಹತ್ತಿ ಇಳಿದ ಮನುಷ್ಯ ಈಗ ಮಂಚದಿಂದ ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ನೋಡಿಕೊಳ್ಳುವವರು ಎಂದು ಫೈಲಿನಲ್ಲಿ ಇರುವುದು ಹೆಂಡತಿ ಗುಡ್ಡಮ್ಮನ ಹೆಸರು. ಅದನ್ನು ಬದಲಾಯಿಸಲು ಆರು ತಿಂಗಳು.

ಗುಡ್ಡಮ್ಮ ಮದುವೆಯಾದ ಮೇಲೆ ಗಂಡನ ಹೆಸರು ಹೇಳಿದವಳಲ್ಲ.

ಮೊದಲ ತಿಂಗಳು, "ಮಾನಸನ ಅಪ್ಪ," ಎಂದಳು. ತಿರಸ್ಕೃತ. ಎರಡನೇ ತಿಂಗಳು, "ಮನೆದೇವ್ರ ಹೆಸ್ರೇ ಇವ್ರದ್ದೂ. ದೇವ್ರು ದೊಡ್ಡೋನು, ಇವ್ರು ಸಣ್ಣೋರು. ನೀವೇ ತಿಳ್ಕಳಿ," ಎಂದು ನಾಚಿ ಸೆರಗು ಬಾಯಿಗಿಟ್ಟಳು. ತಿರಸ್ಕೃತ. ಮೂರನೇ ತಿಂಗಳು ಆಧಾರ್ ಕಾರ್ಡ್ ಹಿಡಿದು ಬಾಯಿ ಮುಚ್ಚಿ ನಿಂತಳು. ಅದೂ ಹೋಯಿತು.

ಮೂರು ತಿಂಗಳ ಬಾಡಿಗೆ ನಿಂತರೂ ಮಮತಾ ಮಿಷನ್ ತರಿಸಿರಲಿಲ್ಲ. ಭಾನುವಾರ ನವೀನನನ್ನೇ ಹೊಸಬಾಳೆಗೆ ಕಳಿಸಿದ್ದಳು. ಮಿಷನ್ನಿನ ಗರಗರ ಸದ್ದಿನ ನಡುವೆ ಅವನು ಕೂಗಿ ಕೂಗಿ ಹೇಳಿ ಬಂದಿದ್ದ. ಹೆಸರು ಹೇಳದಿದ್ದರೆ ಮಿಷನ್ ಹೋಗುತ್ತದೆ, ಮಿಷನ್ ಹೋದರೆ ಆಮೇಲೆ ನನ್ನನ್ನು ಕೇಳಬೇಡಿ ಎಂದು.

"ಹೇಳಿದ್ರೆ ಅವ್ರ ಆಯುಸ್ಸು ತಗ್ತತೆ. ಹೇಳದಿದ್ರೆ ನೀನು ಮಿಷನ್ ಒಯ್ತಿ," ಎಂದಿದ್ದಳು ಗುಡ್ಡಮ್ಮ. "ಎಂಥ ರೂಲ್ಸ್ ತಂದ್ಯೋ ಮಾರಾಯ. ಯಾವ ಕಡೆ ಹೋದ್ರೂ ಅವ್ರಿಗೇ ಪೆಟ್ಟು."

ಮಂಚದ ಮೇಲಿಂದ ಸಣ್ಣಬೀರಪ್ಪ ಮೂಗಿನ ಕೊಳವೆ ಸರಿಸಿ, "ಹೇಳೇ... ನಾನೇನು... ಓಡಿ ಹೋಗಲ್ಲ," ಎಂದು ನಕ್ಕಿದ್ದ. ನಗುವೇ ಕೆಮ್ಮಾಯಿತು. ಗುಡ್ಡಮ್ಮ ಎದ್ದು ಕೊಳವೆ ಸರಿಮಾಡಿ ಅವನ ಬೆನ್ನು ನೀವಿದಳು.

ನವೀನ್ ಹೊರಡುವಾಗ ಬಾಗಿಲವರೆಗೂ ಬಂದು ಒಂದೇ ಮಾತು ಕೇಳಿದ್ದಳು. "ನಾ ಹೇಳಿದ್ರೆ ಆ ಅಕ್ಕಾರ ಮೂರು ತಿಂಗಳ ದುಡ್ಡೂ ಬರ್ತತಾ?"

"ಎಲ್ಲಾ ಬರ್ತತೆ."

ಇವತ್ತು ಬುಧವಾರ. ವಿಡಿಯೊ ಬಂದಿತ್ತು.

"ಹಾಕು, ನೋಡೋಣ," ಎಂದಳು ಮಮತಾ.

ಮಿಷನ್ನನ್ನು ಅಂಗಳಕ್ಕೆ ತಂದು ಬಿಸಿಲಿಗೆ ಇಟ್ಟಿದ್ದರು. ಒರೆಸಿ ಫಳಫಳ ಮಾಡಿದ್ದರು. ಕೊಳವೆಯನ್ನು ಸುತ್ತಿ ಮೇಲಿಟ್ಟಿದ್ದರು. ನಂಬರ್ ಅಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ.

"ಒಳಗೆ ಕತ್ತಲೆ, ನಂಬರ್ ಕಾಣಲ್ಲ ಅಂದಿದ್ದೆ. ನೋಡ್ರಿ, ಎಷ್ಟು ನೀಟಾಗಿ ಮಾಡ್ಯಾರೆ," ಎಂದ ನವೀನ್.

ಫೋನ್ ಹಿಡಿದವಳು ಮಗಳು ಮಾನಸ. ಅಂಜನಾಪುರಕ್ಕೆ ಕೊಟ್ಟ ಮಗಳು. "ಮಾತಾಡವ್ವ," ಎಂದಿತು ಅವಳ ದನಿ. ಹಿಂದೆ ನಾಲ್ಕೈದು ಜನ ಓಡಾಡುತ್ತಿದ್ದರು.

"ಊರೇ ಸೇರ್ಯಾರಲ್ಲ," ಎಂದಳು ಮಮತಾ.

"ಮತ್ತೆ? ಗುಡ್ಡಮ್ಮಾರು ಗಂಡನ ಹೆಸರು ಹೇಳೋದು ಅಂದ್ರೆ ಸುಮ್ನೆನಾ?"

ಗುಡ್ಡಮ್ಮ ಕ್ಯಾಮೆರಾ ನೋಡಿದಳು. ಈ ಸಲ ನಾಚಲಿಲ್ಲ. ಸೆರಗು ಬಾಯಿಗೆ ಹೋಗಲಿಲ್ಲ. ಗರಗರ ಸದ್ದೂ ಇಲ್ಲದೆ ಪ್ರತಿ ಅಕ್ಷರ ಕೇಳಿತು.

"ಸಣ್ಣಬೀರಪ್ಪ. ನಾನು ಅವ್ರ ಹೆಂಡ್ತಿ."

ಅಷ್ಟೇ. ವಿಡಿಯೊ ಮುಗಿಯಿತು.

ಮಮತಾ ಅದನ್ನು ಕಂಪನಿಗೆ ಕಳಿಸಿದಳು. ಪರದೆಯ ಮೇಲೆ ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ನಾಲ್ಕು ನಲವತ್ತೆರಡಕ್ಕೆ ಹಸಿರು ಅಕ್ಷರ ಮೂಡಿತು. ಅಂಗೀಕೃತ. ಮೂರು ಹಳೆಯ ಬಿಲ್ಲುಗಳ ಮುಂದೆಯೂ ಅದೇ ಹಸಿರು.

ಮಮತಾ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. "ಪಾಪ, ಗಂಡನ ಜೀವ ಉಳಿಸೋಕೆ ಏನೆಲ್ಲ ಮಾಡ್ಬೇಕು ನೋಡು."

"ನಾನು ಬುದ್ಧಿ ಹೇಳಿದ್ದು ರೀ," ಎಂದು ನವೀನ್ ಬೀಗಿದ. ಅಲ್ಲೇ ನಿಂತು ಹೊಸಬಾಳೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಗುಡ್ಡಮ್ಮಾರೇ, ಪಾಸಾಯ್ತು! ಇನ್ನು ಆ ಮಿಷನ್ನ ಯಾರೂ ಮುಟ್ಟಂಗಿಲ್ಲ."

ಆ ಕಡೆಯಿಂದ ಗುಡ್ಡಮ್ಮನ ದನಿ ಬಂತು.

"ಅಕ್ಕಾರಿಗೆ ಮೂರು ತಿಂಗಳದ್ದೂ ಬಂತಾ?"

"ಬಂತ್ರೀ, ಎಲ್ಲಾ ಬಂತು."

"ಹಂಗಾರೆ ಸರಿ ಹೋತು. ನಾಳೆ ಅವ್ರ ಸಮಾಧಿಗೆ ಹಾಲು-ತುಪ್ಪ ಬಿಡೋದೈತೆ ಕಣಪ್ಪ. ಹನ್ನೊಂದು ಗಂಟೆಗೆ ಬಾ, ಉಂಡು ಮಿಷನ್ ತಗೊಂಡು ಹೋಗ್ವಂತೆ."