ಯಜಮಾನರು ಅಂದರೆ

ಬಿಸಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಒದ್ದೆ ಹತ್ತಿಬಟ್ಟೆ ಬಿಡುವ ವಾಸನೆ. ಚಿಕ್ಕಂದಿನಲ್ಲಿ ಶಾಲೆಗೆ ಹೊರಡುವ ಮುನ್ನ ಅಮ್ಮನ ಬೆನ್ನಿಗೆ ಅಂಟಿಕೊಂಡು ನಿಂತಾಗ ವಕೀಲೆಯ ಮೂಗಿಗೆ ತುಂಬುತ್ತಿದ್ದ ವಾಸನೆ ಅದು. ಇಂದು ವಲಸೆ ಇಲಾಖೆಯ ಬಂಧನ ಕೇಂದ್ರದಲ್ಲಿ, ಮೇಜಿನ ಆಚೆ ಕೂತ ಹುಡುಗಿಯ ಸ್ವೆಟರಿನಿಂದ ಬಂತು. ಅವಳನ್ನು ಇಲ್ಲಿಗೆ ಕರೆತಂದು ಒಂಬತ್ತು ದಿನವಾಗಿದ್ದರೂ ಆ ವಾಸನೆ ಬಿಟ್ಟಿರಲಿಲ್ಲ.

ವಕೀಲೆಯ ಪಿತ್ತ ಇನ್ನಷ್ಟು ಕೆರಳಿತು. ಗಂಡನ ಲಾಂಡ್ರಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿಯುವ ಹೆಣ್ಣು. ಒಂದೇ ಒಂದು ಪದಕ್ಕಾಗಿ ಕೂಡಿಹಾಕಿದ್ದಾರೆ!

ಆಗಿದ್ದು ಇಷ್ಟೇ. ಪತ್ನಿಯ ವೀಸಾ ನವೀಕರಣಕ್ಕೆ ಸಂದರ್ಶನ. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳಿದ್ದರು. ‘ನಿಮ್ಮನ್ನು ಈ ದೇಶಕ್ಕೆ ಕರೆತಂದವರು ನಿಮಗೆ ಏನಾಗಬೇಕು?’ ‘ನಮ್ಮ ಯಜಮಾನರು’ ಎಂದಿದ್ದಳು ಹುಡುಗಿ. ದುಭಾಷಿ ಅದನ್ನು ಅಧಿಕಾರಿಗೆ ‘ಕೆಲಸ ಕೊಟ್ಟ ಮಾಲೀಕ’ ಎಂದು ದಾಟಿಸಿದ್ದ. ಅಲ್ಲಿಗೆ ಮದುವೆ ಸುಳ್ಳು, ವೀಸಾ ರದ್ದು, ಗಡೀಪಾರಿಗೆ ಆದೇಶ. ಮೇಲ್ಮನವಿ ಸಲ್ಲಿಸಲು ಇಂದು ಸಂಜೆ ಐದು ಗಂಟೆಯೇ ಕೊನೆ.

ಬೆಳಿಗ್ಗೆ ಫೋನಿನಲ್ಲೇ ವಕೀಲೆ ಆ ದುಭಾಷಿಯ ನೀರಿಳಿಸಿದ್ದಳು.

“ಯಜಮಾನರು ಅಂದ್ರೆ ಗಂಡ ಅಂತ ನಿಮಗೆ ಯಾರೂ ಹೇಳಿಕೊಟ್ಟಿಲ್ವಾ? ಮನೇಲಿ ನಿಮ್ಮ ಹೆಂಡ್ತಿ ನಿಮ್ಮನ್ನ ಏನಂತಾರೆ?”

“ಅವಳು ಏನೇನೋ ಅಂತಾಳೆ ತಾಯಿ, ಅದನ್ನ ಅನುವಾದ ಮಾಡೋಕಾಗಲ್ಲ,” ಎಂದಿದ್ದ ಮುದುಕ. ಆಮೇಲೆ ದನಿ ತಗ್ಗಿಸಿ, “ಆದ್ರೆ ಆ ಹುಡುಗಿ ಏನಂದಳೋ ಅದನ್ನೇ ನಾನು ಹೇಳಿದ್ದು,” ಎಂದಿದ್ದ.

“ಕನ್ನಡ ಮರೆತಿದ್ರೆ ಕೆಲಸ ಬಿಡಿ!” ಎಂದು ಫೋನು ಕುಕ್ಕಿದ್ದಳು.

ಲಾಂಡ್ರಿಯವನು ಹೊರಗೆ ಕಾರಿನಲ್ಲಿ ಕಾಯುತ್ತಿದ್ದ. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. “ಹೇಗಾದ್ರೂ ಬಿಡಿಸಿ ಮೇಡಂ. ಅವಳಿಲ್ಲದೆ ನನಗೆ ಕೈಕಾಲೇ ಆಡ್ತಿಲ್ಲ. ಪಾಸ್‌ಪೋರ್ಟು, ಮದುವೆ ಸರ್ಟಿಫಿಕೇಟು ಎಲ್ಲಾ ನನ್ನ ಹತ್ರಾನೇ ಭದ್ರವಾಗಿದೆ. ಅವಳಿಗೆ ಇದೆಲ್ಲ ತಿಳಿಯಲ್ಲ, ಪಾಪ,” ಎಂದಿದ್ದ. ಬಿಡಿಸಿಯೇ ತರುತ್ತೇನೆಂದು ವಕೀಲೆ ಮಾತು ಕೊಟ್ಟಿದ್ದಳು.

ಈಗ ಅವಳು ಮೇಲ್ಮನವಿಯ ಕಾಗದವನ್ನು ಹುಡುಗಿಯ ಮುಂದೆ ಸರಿಸಿದಳು. “ನೋಡಮ್ಮಾ, ಇಲ್ಲೊಂದು ಸಹಿ ಹಾಕು ಸಾಕು. ಉಳಿದಿದ್ದು ನನಗೆ ಬಿಡು. ಈ ವಾರದೊಳಗೆ ನಿಮ್ಮ ಯಜಮಾನರ ಹತ್ರ ಇರ್ತೀಯ.”

ಹುಡುಗಿಯ ಮುಖ ಸಪ್ಪಗಾಯಿತು. “ಅವರಿಗೆ ಸಿಟ್ಟು ಬಂದಿದೆಯಾ ಅಕ್ಕಾ?”

“ನಿನ್ನ ಮೇಲೆ ಯಾಕೆ ಸಿಟ್ಟು? ನೀನಿಲ್ಲದೆ ಕೈಕಾಲೇ ಆಡ್ತಿಲ್ವಂತೆ.”

“ಹೌದು. ಬಟ್ಟೆ ರಾಶಿ ಬಿದ್ದಿರುತ್ತೆ.”

ವಕೀಲೆಗೆ ಅಷ್ಟು ಕೋಪದಲ್ಲೂ ನಗು ಬಂತು. ಕೆಲವು ದಿನ ಮನೆ ಬಿಟ್ಟಿದ್ದರೆ ಯಾವ ಹೆಂಡತಿಗೂ ಮೊದಲು ನೆನಪಾಗುವುದು ಅದೇ.

ಸಂದರ್ಶನದ ಪ್ರತಿಯನ್ನು ಮತ್ತೊಮ್ಮೆ ತಿರುವಿದಳು. ‘ಅವರಿಗೆ ಇಷ್ಟವಾದ ಊಟ?’ ‘ಗೊತ್ತಿಲ್ಲ. ಅವರದು ಮುಗಿದ ಮೇಲೆ ನನ್ನದು.’ ‘ನೀವು ಮಲಗುವುದು?’ ‘ಮಿಷನ್ ಪಕ್ಕ. ಬೆಚ್ಚಗಿರುತ್ತೆ.’ ಒಂದೊಂದಕ್ಕೂ ಅಂಚಿನಲ್ಲಿ ವಕೀಲೆ ತನ್ನ ವಾದ ಬರೆದಿಟ್ಟಿದ್ದಳು. ಗಂಡ ಉಂಡ ಮೇಲೆ ಉಣ್ಣುವ ಹೆಂಡತಿಯರು ಇನ್ನೂ ಇದ್ದಾರೆ, ಸ್ವಾಮಿ. ಅಂಗಡಿಯಲ್ಲೇ ಬಿಡಾರ ಹೂಡಿದ ದಂಪತಿಗೆ ಬೇರೆ ಮಲಗುವ ಕೋಣೆ ಎಲ್ಲಿಂದ ಬರಬೇಕು? ಗಂಡನ ಹೆಸರು ಬಾಯಲ್ಲಿ ಆಡದ ಹೆಣ್ಣನ್ನು ಕೆಲಸದವಳು ಎಂದಿರಲ್ಲ, ನಾಚಿಕೆಯಾಗಬೇಡವೇ? ಆ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಅಧಿಕಾರಿಯ ಮುಖ ಕಪ್ಪಿಡುವುದನ್ನು ನೋಡಲು ಅವಳು ತುದಿಗಾಲಲ್ಲಿ ನಿಂತಿದ್ದಳು.

ಹುಡುಗಿ ಪೆನ್ನು ಹಿಡಿದಳು. ಬೆರಳತುದಿಯ ಚರ್ಮವೆಲ್ಲ ಸುಲಿದಿತ್ತು. “ಸಹಿ ಹಾಕಿದ್ರೆ ಮನೆಗೆ ಕಳಿಸ್ತಾರಾ ಅಕ್ಕಾ?”

“ಮತ್ತೆ? ಮನೆಗೇ.”

ಆ ಕಣ್ಣು ದೀಪ ಹಚ್ಚಿದಂತೆ ಬೆಳಗಿತು. “ಹಾಗಾದ್ರೆ ನಮ್ಮ ಮನೆಯವರಿಗೆ ಒಂದು ಮಾತು ಹೇಳಿಬಿಡ್ಲಾ? ಮಾತಾಡಿ ವರ್ಷದ ಮೇಲಾಯ್ತು.”

ತವರಿನ ನೆನಪು, ಪಾಪ, ಎಂದುಕೊಂಡಳು ವಕೀಲೆ. ಇಲ್ಲಿರುವವರಿಗೆ ಫೋನು ಕೊಡುವಂತಿರಲಿಲ್ಲ. ಅವಳು ಬಾಗಿಲ ಬಳಿ ನಿಂತ ಕಾವಲಿನವಳ ಕಡೆ ನೋಡಿದಳು. ಕಾವಲಿನವಳಿಗೆ ಇವರ ಭಾಷೆ ಒಂದಕ್ಷರ ಬಾರದು. ಆದರೂ ಗಡಿಯಾರ ನೋಡಿ, ಹುಡುಗಿಗೆ ಊಟ ತರುವ ಹೊತ್ತಾಯಿತೆಂದು ಸನ್ನೆ ಮಾಡಿ, ಬೇಕೆಂದೇ ಹೊರಗೆ ನಡೆದಳು.

ವಕೀಲೆ ತನ್ನ ಫೋನನ್ನು ಮೇಜಿನ ಮೇಲೆ ಸರಿಸಿದಳು. ಹುಡುಗಿ ಎಡಗೈಯಲ್ಲಿ ಉದ್ದದ ನಂಬರನ್ನು ತಡವರಿಸದೆ ಒತ್ತಿದಳು. ಬಲಗೈಯ ಪೆನ್ನು ಸಹಿಯ ಗೆರೆಯ ಮೇಲೇ ಇತ್ತು. ನಾಲ್ಕು ಸಲ ರಿಂಗಾಯಿತು. ಆಚೆ ಗಂಡಸಿನ ದನಿ ‘ಹಲೋ’ ಎಂದಿತು.

“ರೀ… ನಾನು,” ಎಂದಳು ಹುಡುಗಿ. “ಮಗಳು ನನ್ನ ಮರೆತಿಲ್ಲ ತಾನೇ?”

ವಕೀಲೆ ಪೆನ್ನಿನ ಮೊನೆಯ ಕೆಳಗಿಂದ ಕಾಗದವನ್ನು ಸರ್ರನೆ ಎಳೆದು ಎರಡಾಗಿ ಹರಿದಳು. ಆಮೇಲೆ ಬಾಗಿಲಿಗೆ ಹೋಗಿ, ಕಾವಲಿನವಳು ತಂದ ಊಟದ ತಟ್ಟೆಯನ್ನು ತಾನೇ ಈಸಿಕೊಂಡು, ಮಾತು ಮುಗಿಯುವ ತನಕ ಹಿಡಿದು ನಿಂತಿದ್ದು, ಹುಡುಗಿಯ ಕೈಗೆ ಕೊಟ್ಟಳು.